ತಗಚೆ ಸೊಪ್ಪಿನ ಇತಿಹಾಸ

ಇತಿಹಾಸವೆಂದ ಕೂಡಲೆ ನಮಗೆ ನೆನಪಾಗುವವು ಶಾಸನಗಳು. ಖಾನಾಪುರ ತಾಲೂಕಿನ ಹಲಸಿ ಅಂಥ ಶಾಸನಗಳಿಂದಲೇ ಹೆಸರಾದ ಊರು. ಕದಂಬರ ಕಾಲದಲ್ಲಿ ಅದು ಪಲಾಶಿಕಾ ಎನಿಸಿತ್ತು. 5ನೆಯ ಶತಮಾನದಲ್ಲಿ ಕಾಕುಸ್ಥವರ್ಮನು ತನ್ನ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದಲ್ಲಿ ಒಂದು ಹೊಲವನ್ನು ದಾನವಾಗಿತ್ತ ಸಂಗತಿ ಅಲ್ಲಿಯ ತಾಮ್ರಪಟದಿಂದ ತಿಳಿಯುತ್ತದೆ. ಕೊಟ್ಟವನ ಹೆಸರುಂಟು, ಪಡೆದವನ ಹೆಸರುಂಟು, ಕೊಟ್ಟ ಕಾರಣವೂ ಉಂಟು. ಆದರೆ ಆ ಹೊಲದ ಬದುವಿನಲ್ಲಿ ಮೊದಲ ಮಳೆಗೆ ಏನು ಚಿಗುರುತ್ತಿತ್ತು, ಅದನ್ನು ಉತ್ತು ಬಿತ್ತಿದವರ ಒಲೆಯ ಮೇಲೆ ಆಷಾಢದ ಸಂಜೆ ಏನು ಬೇಯುತ್ತಿತ್ತು ಎಂಬುದನ್ನು ಯಾವ ತಾಮ್ರಪಟವೂ ಹೇಳುವುದಿಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ. ಬೆಳೆಗೆ ಕಂದಾಯವಿದೆ, ಕಳೆಗೆ ಕಂದಾಯವಿಲ್ಲ. ಕಂದಾಯವಿಲ್ಲದ್ದಕ್ಕೆ ದಾಖಲೆಯೂ ಇಲ್ಲ.

ಹೀಗೆ ದಾಖಲೆಯ ಹೊರಗೆ ಉಳಿದ ಒಂದು ಗಿಡದ ಇತಿಹಾಸವನ್ನು ನಿಮ್ಮ ಮುಂದಿಡುವುದು ನನ್ನ ಇಂದಿನ ಉದ್ದೇಶ. ಆ ಗಿಡದ ಹೆಸರು ತಗಚೆ. ಕೆಲವು ಕಡೆ ತಗಟೆ ಎನ್ನುತ್ತಾರೆ, ಮಲೆನಾಡಿನ ಬೇರೆ ಭಾಗಗಳಲ್ಲಿ ಚಗಟೆ ಎನ್ನುತ್ತಾರೆ. ಬೆಳಗಾವಿ ಮತ್ತು ಖಾನಾಪುರದ ಮರಾಠಿ ಮಾತಾಡುವ ಮನೆಗಳಲ್ಲಿ ಅದೇ ಟಾಕಳಾ. ಮಳೆಗಾಲದಲ್ಲಿ ಬೆಳಗಾವಿಯಿಂದ ಖಾನಾಪುರದತ್ತ ಹೊರಟವರು ರಸ್ತೆಯ ಎರಡೂ ಬದಿಗೆ, ರೈಲುಹಳಿಯ ಮಗ್ಗುಲಿಗೆ, ಗುಡಿಯ ಹಿಂದಿನ ಹಾಳುನೆಲದಲ್ಲಿ ಇದನ್ನು ನೋಡದೆ ಇರುವುದು ಸಾಧ್ಯವಿಲ್ಲ. ಮೊಣಕಾಲಿನಿಂದ ಸೊಂಟದವರೆಗೆ ಬೆಳೆಯುವ ಪೊದೆ. ಒಂದೊಂದು ಕಡ್ಡಿಗೆ ಮೂರು ಜೊತೆ ಎಲೆ. ಎಲೆಯ ತುದಿ ಚೂಪಾಗಿರದೆ ದುಂಡಗಿರುತ್ತದೆ. ಸಂಜೆಯಾಗುತ್ತಲೆ ಎದುರುಬದುರಿನ ಎಲೆಗಳು ಕೈಮುಗಿದಂತೆ ಮಡಿಚಿಕೊಳ್ಳುತ್ತವೆ. ಶ್ರಾವಣ ಭಾದ್ರಪದಗಳಲ್ಲಿ ಹಳದಿ ಹೂ, ಆಮೇಲೆ ಕುಡಗೋಲಿನಂತೆ ಬಾಗಿದ ಗೇಣುದ್ದದ ಸಪೂರ ಕಾಯಿ. ಹಸಿಯೆಲೆಯನ್ನು ಹಿಸುಕಿದರೆ ಅಹಿತವಾದ ಒಂದು ವಾಸನೆ. ಈ ವಾಸನೆಯಿಂದಾಗಿಯೇ ದನಗಳು ಇದನ್ನು ಮೇಯುವುದಿಲ್ಲ. ದನ ಮೇಯದ ಕಾರಣ ಗೋಮಾಳಗಳಲ್ಲೆಲ್ಲ ಇದೇ ಹಬ್ಬುತ್ತದೆ. ದನ ಬಿಟ್ಟುದನ್ನು ಮನುಷ್ಯ ತಿಂದ. ತಗಚೆಯ ಕಥೆ ಆರಂಭವಾಗುವುದು ಇಲ್ಲಿಂದ.

ನಮ್ಮ ಜಿಲ್ಲೆಯ ಭೂಮಿ ಒಂದೇ ತೆರನಾದುದಲ್ಲ. ಪೂರ್ವಕ್ಕೆ ಅಥಣಿ, ಗೋಕಾಕ, ಸವದತ್ತಿಗಳ ಎರೆನೆಲ. ಜೋಳದ ಸೀಮೆ, ಮಳೆ ಕಡಿಮೆ. ಪಶ್ಚಿಮಕ್ಕೆ ಖಾನಾಪುರ, ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ. ಭತ್ತದ ಸೀಮೆ, ಎಡೆಬಿಡದ ಮಳೆ. ಬೆಳಗಾವಿ ನಗರ ಇವೆರಡರ ನಡುವಿನ ಹೊಸ್ತಿಲು. ಕಾಡುಸೊಪ್ಪುಗಳೂ ಇದೇ ಭೇದವನ್ನು ಅನುಸರಿಸುತ್ತವೆ. ಎರೆಹೊಲದವರು ಹಕ್ಕರಕಿಯನ್ನು ಹಸಿಯಾಗಿಯೇ ಜೋಳದ ರೊಟ್ಟಿಯೊಂದಿಗೆ ತಿನ್ನುತ್ತಾರೆ. ಮಳೆಸೀಮೆಯವರು ತಗಚೆಯನ್ನು ಬೇಯಿಸಿ ಉಣ್ಣುತ್ತಾರೆ. ಸೊಪ್ಪಿಗೆ ನಮ್ಮ ಕಡೆಯ ಮಾತಿನಲ್ಲಿ ತಪ್ಪಲವೆಂದೂ ಹೊಲದ ಕಳೆಗೆ ಕಸವೆಂದೂ ಹೆಸರು. ತಗಚೆ ಹೊಲದೊಳಗಿದ್ದರೆ ಕಸ, ಬುಟ್ಟಿಯೊಳಗೆ ಬಿದ್ದರೆ ತಪ್ಪಲಪಲ್ಯ. ಗಿಡವೊಂದೇ, ಅದರ ಪದವಿಯನ್ನು ಗೊತ್ತುಮಾಡುವುದು ಅದನ್ನು ಕಿತ್ತ ಕೈ.

ಭಾಷೆಯನ್ನು ಬಲ್ಲವರಿಗೆ ಹೆಸರುಗಳೇ ಶಾಸನ. ಕನ್ನಡದ ತಗಚೆ, ತಮಿಳಿನ ತಗರೈ, ಮಲಯಾಳದ ತಗರ, ತುಳುವಿನ ತಜಂಕ್—ಇವು ಒಂದೇ ಬಳ್ಳಿಯ ಕುಡಿಗಳೆಂದು ನೋಡಿದೊಡನೆ ತಿಳಿಯುತ್ತದೆ. ದೂರದೂರದ ಸೋದರ ಭಾಷೆಗಳು ಒಂದು ಗಿಡಕ್ಕೆ ಒಂದೇ ಧಾತುವಿನ ಹೆಸರನ್ನು ಉಳಿಸಿಕೊಂಡಿವೆಯೆಂದರೆ, ಆ ಭಾಷೆಗಳ ಜನ ಬಹು ಹಿಂದಿನಿಂದಲೂ ಆ ಗಿಡವನ್ನು ಬಲ್ಲವರೆಂದು ಊಹಿಸಬಹುದು. ಉಪಯೋಗವಿಲ್ಲದ ಗಿಡಕ್ಕೆ ಜನ ಇಷ್ಟು ಶ್ರದ್ಧೆಯಿಂದ ಹೆಸರನ್ನು ಕಾಪಾಡುವುದಿಲ್ಲ.

ಸಂಸ್ಕೃತದ ಹೆಸರುಗಳದು ಇನ್ನೊಂದು ಬಗೆ. ಅಮರಕೋಶದ ವನೌಷಧಿವರ್ಗದಲ್ಲಿ ಇದು ಪ್ರಪುನ್ನಾಡ, ಏಡಗಜ, ದದ್ರುಘ್ನ, ಚಕ್ರಮರ್ದಕ ಮೊದಲಾದ ಹೆಸರುಗಳಿಂದ ಬಂದಿದೆ. ದದ್ರುವೆಂದರೆ ನಾವು ಹುಳುಕಡ್ಡಿ ಅಥವಾ ಗಜಕರ್ಣ ಎನ್ನುವ ಚರ್ಮರೋಗ. ಅದನ್ನು ಕೊಲ್ಲುವುದು ದದ್ರುಘ್ನ. ಆ ರೋಗ ಮೈಮೇಲೆ ಚಕ್ರಾಕಾರವಾಗಿ ಹಬ್ಬುತ್ತದೆ. ಆ ಚಕ್ರವನ್ನು ಅರೆದುಹಾಕುವುದು ಚಕ್ರಮರ್ದ. ಈ ಹೆಸರುಗಳನ್ನಿಟ್ಟವನು ವೈದ್ಯ. ಅವನು ನೋಡಿದ್ದು ಬೀಜವನ್ನು ಮತ್ತು ರೋಗಿಯ ಮೈಯನ್ನು. ತಗಚೆ ಎಂದವಳು ಅಡುಗೆ ಮಾಡುವವಳು. ಅವಳು ನೋಡಿದ್ದು ಚಿಗುರನ್ನು ಮತ್ತು ಮಕ್ಕಳ ಹೊಟ್ಟೆಯನ್ನು.

ಮೂರನೆಯವನು ಸಸ್ಯಶಾಸ್ತ್ರಜ್ಞ. ಮಲಬಾರಿನ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿ, 1678ರಿಂದ 1693ರ ಅವಧಿಯಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ 'ಹಾರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಈ ಗಿಡ ತನ್ನ ಮಲಯಾಳ ಹೆಸರಿನಿಂದಲೇ ಕಾಣಿಸಿಕೊಂಡಿತು. ಆ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುದನ್ ಎಂಬ ಮಲಯಾಳಿ ವೈದ್ಯನೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ವೈದ್ಯರೂ ಇದ್ದರೆಂಬುದನ್ನು ಮರೆಯಬಾರದು. 1753ರಲ್ಲಿ ಲಿನ್ನೇಯಸ್ ಇದನ್ನು ಕ್ಯಾಸಿಯಾ ಟೋರಾ ಎಂದು ಕರೆದ. ಟೋರಾ ಎಂಬುದು ಲ್ಯಾಟಿನ್ ಅಲ್ಲ. ಸಿಂಹಳದ ಹಳ್ಳಿಗರ ಮಾತು. ಇಂದಿನ ಶಾಸ್ತ್ರಜ್ಞರು ಸೆನ್ನಾ ಟೋರಾ ಎನ್ನುತ್ತಾರೆ. ಕುಲದ ಹೆಸರು ಬದಲಾದರೂ ಹಳ್ಳಿಯ ಮಾತು ಅಳಿಯಲಿಲ್ಲ.

ಇನ್ನು ಅಡುಗೆಮನೆಯ ಮಾತು. ತಗಚೆಯನ್ನು ತಿನ್ನುವ ಕಾಲ ಬಹಳ ಚಿಕ್ಕದು. ಮೃಗಶಿರಾ ಮಳೆ ಹಿಡಿದ ಎಂಟು ಹತ್ತು ದಿನಕ್ಕೆ ನೆಲದಿಂದ ಎದ್ದ ಸಸಿ ಬೆರಳುದ್ದ ಬೆಳೆದಾಗ ಅದರ ಕುಡಿಯನ್ನು ಚಿವುಟಬೇಕು. ಆಷಾಢ ಮುಗಿಯುವುದರೊಳಗೆ ಈ ಕೆಲಸ ಮುಗಿಯಬೇಕು. ಹೂ ಬಿಟ್ಟ ಮೇಲೆ ಎಲೆ ಕಹಿಯಾಗುತ್ತದೆ, ನಾರಾಗುತ್ತದೆ, ತಿಂದರೆ ಹೊಟ್ಟೆ ಸಡಿಲಾಗುತ್ತದೆ. ಈ ನಿಯಮದ ಹಿಂದೆ ರುಚಿಯಷ್ಟೇ ಅಲ್ಲ, ರಸಾಯನವೂ ಇದೆ. ಸೋನಾಮುಖಿಯಲ್ಲಿ ಭೇದಿ ಮಾಡಿಸುವ ಯಾವ ಜಾತಿಯ ಸತ್ವವಿದೆಯೋ ಅದೇ ಜಾತಿಯದು ಇದರಲ್ಲಿಯೂ ಇದೆ. ಎರಡೂ ಒಂದೇ ಕುಲದ ಗಿಡಗಳು. ಚಿಗುರನ್ನೇ ಆರಿಸುವ, ಬೇಯಿಸಿದ ಮೊದಲ ನೀರನ್ನು ಬಸಿದು ಚೆಲ್ಲುವ ರೂಢಿಗೆ ಅರ್ಥವಿದೆ.

ಪಲ್ಯ ಮಾಡುವ ರೀತಿ ಸರಳ. ಚಿಗುರನ್ನು ತೊಳೆದು ಹೆಚ್ಚಿ, ಒಂದು ಕುದಿ ಬರಿಸಿ ನೀರು ಹಿಂಡಿ, ಬೆಳ್ಳುಳ್ಳಿ ಹಸಿಮೆಣಸಿನಕಾಯಿಗಳ ಒಗ್ಗರಣೆಯಲ್ಲಿ ನೆನೆದ ಬೇಳೆಯೊಂದಿಗೆ ಬೇಯಿಸುತ್ತಾರೆ. ಕಡಲೆಹಿಟ್ಟು ಉದುರಿಸಿದರೆ ಅದೇ ಝುಣಕ. ತೆಂಗು ಇದ್ದವರು ತುರಿದು ಹಾಕುತ್ತಾರೆ. ಇಲ್ಲದವರು ಶೇಂಗಾ ಪುಡಿಯಿಂದ ತೃಪ್ತರಾಗುತ್ತಾರೆ. ಜೊತೆಗೆ ಅಕ್ಕಿಯ ರೊಟ್ಟಿ ಅಥವಾ ನಾಚಣಿಯ ಭಾಕರಿ. ಚೋರ್ಲಾ ಘಟ್ಟವನ್ನಿಳಿದು ಗೋವೆಗೆ ಹೋದರೆ ಇದೇ ಸೊಪ್ಪು ತಾಯ್ಕಿಳೊ ಎಂಬ ಹೆಸರಿನಿಂದ ಹಲಸಿನ ಬೀಜ ಮತ್ತು ತೆಂಗಿನ ತುರಿಯೊಡನೆ ಬೇಯುತ್ತದೆ. ತುಳುನಾಡಿಗೆ ಹೋದರೆ ಹಿಟ್ಟಿನಲ್ಲಿ ಕಲಸಿ ಕರಿದ ತಜಂಕಿನ ಅಂಬಡೆ ಸಿಗುತ್ತದೆ. ಘಟ್ಟದ ಮೇಲೆ ಬೇಳೆ, ಕೆಳಗೆ ಹಲಸಿನ ಬೀಜ: ಆಯಾ ನೆಲದಲ್ಲಿ ಮಳೆಗಾಲಕ್ಕೆಂದು ಕೂಡಿಟ್ಟ ವಸ್ತು ಯಾವುದೋ ಅದರೊಡನೆ ತಗಚೆ ಸ್ನೇಹ ಬೆಳೆಸಿದೆ.

ಆ ಕಾಲವೇ ಏಕೆ ಎಂಬುದನ್ನು ಸ್ವಲ್ಪ ವಿಚಾರಿಸೋಣ. ಜ್ಯೇಷ್ಠ ಆಷಾಢಗಳು ರೈತನ ಮನೆಯಲ್ಲಿ ಕೆಲಸ ಹೆಚ್ಚು, ಕಾಳು ಕಡಿಮೆ ಇರುವ ತಿಂಗಳುಗಳು. ಕಳೆದ ಸುಗ್ಗಿಯ ಕಾಳು ತಳ ಮುಟ್ಟಿರುತ್ತದೆ. ಇದ್ದುದರಲ್ಲಿ ಒಂದು ಪಾಲು ಬಿತ್ತನೆಗೆ ಹೋಗಿರುತ್ತದೆ. ಹೊಸ ಬೆಳೆ ಇನ್ನೂ ನಾಲ್ಕು ತಿಂಗಳ ದೂರ. ಹಿತ್ತಲ ಕಾಯಿಪಲ್ಯ ಇನ್ನೂ ಬಳ್ಳಿ ಬಿಟ್ಟಿರುವುದಿಲ್ಲ. ನಾಟಿಯ ಗದ್ದೆಯಲ್ಲಿ ಬಗ್ಗಿ ದುಡಿಯುವ ಶರೀರಕ್ಕೆ ಮಾತ್ರ ಎಂದಿಗಿಂತ ಹೆಚ್ಚು ಹಸಿವು. ಸರಿಯಾಗಿ ಅದೇ ಹೊತ್ತಿಗೆ ಯಾರೂ ಬಿತ್ತದ, ಯಾರೂ ನೀರೆರೆಯದ, ಯಾರಿಗೂ ಬೆಲೆ ಕೊಡಬೇಕಾಗಿಲ್ಲದ ಈ ಸೊಪ್ಪು ಬಾಗಿಲ ಮುಂದೆ ಏಳುತ್ತದೆ. ಕಬ್ಬಿಣ, ಸುಣ್ಣ ಮೊದಲಾದ ಅಂಶಗಳು ಹಸಿರು ಸೊಪ್ಪಿನಲ್ಲಿವೆಯೆಂದು ಆಹಾರಶಾಸ್ತ್ರ ಈಗ ಹೇಳುತ್ತದೆ. ಅವರಿಗೆ ಅದು ಗೊತ್ತಿರಲಿಲ್ಲ. ತಿಂದವರು ದುಡಿದರು, ಅಷ್ಟೇ ಅವರ ಪ್ರಮಾಣ.

ಈಗ ನಮ್ಮ ಪಾಕಗ್ರಂಥಗಳ ಕಡೆಗೆ ತಿರುಗೋಣ. ಕನ್ನಡ ಈ ವಿಷಯದಲ್ಲಿ ಬಡ ಭಾಷೆಯಲ್ಲ. 1025ರ ಹೊತ್ತಿಗೆ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ವೈದ್ಯ, ವೃಕ್ಷಾಯುರ್ವೇದಗಳ ಜೊತೆಗೆ ಅಡುಗೆಯ ಪ್ರಕರಣವೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' ಅರಮನೆಯ ಭೋಜನವನ್ನು ವಿಸ್ತಾರವಾಗಿ ವರ್ಣಿಸುತ್ತದೆ. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನೇ ಷಟ್ಪದಿಯಲ್ಲಿ ಬರೆದ. ಬದನೆ, ಬಾಳೆ, ಹಲಸು, ಕಳಲೆಗಳ ಪಾಕವನ್ನು ರಸವತ್ತಾಗಿ ವಿವರಿಸಿದ. ಇವು ನಮ್ಮ ಹೆಮ್ಮೆಯ ಗ್ರಂಥಗಳು. ಆದರೆ ಇವುಗಳ ಅಡುಗೆಮನೆಯಲ್ಲಿ ತುಪ್ಪ, ಕರ್ಪೂರ, ಏಲಕ್ಕಿಗಳ ಪರಿಮಳ ತುಂಬಿದೆ. ಎಣ್ಣೆಯೂ ಇಲ್ಲದ ಮನೆಯ ಒಲೆಗೂ ಈ ಗ್ರಂಥಗಳಿಗೂ ನಡುವೆ ದೊಡ್ಡ ಅಂತರವಿದೆ. ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ರಾಗಿಯನ್ನು ಭತ್ತದೆದುರು ನಿಲ್ಲಿಸಿ, ಶ್ರೀರಾಮನಿಂದಲೇ ಅದಕ್ಕೆ ಮನ್ನಣೆ ಕೊಡಿಸಿದರು. ಬಡವರ ಕಾಳಿಗೆ ಹೀಗೆ ಒಬ್ಬ ಕವಿ ದೊರೆತ. ರಾಗಿಯನ್ನಾದರೂ ರೈತ ಬಿತ್ತಿ ಬೆಳೆಯುತ್ತಾನೆ. ಯಾರೂ ಬಿತ್ತದ ಸೊಪ್ಪಿನ ಪಕ್ಷವನ್ನು ಅಷ್ಟು ದೊಡ್ಡ ಕವಿಯೊಬ್ಬ ವಹಿಸಿದ್ದನ್ನು ನಾನು ಓದಿಲ್ಲ.

ಈ ಸೊಪ್ಪುಗಳು ಸರಕಾರದ ಕಣ್ಣಿಗೆ ಬಿದ್ದುದು ಬರಗಾಲದಲ್ಲಿ. 1876ರಿಂದ 1878ರವರೆಗಿನ ಮಹಾಕ್ಷಾಮ ಮುಂಬಯಿ ಪ್ರಾಂತದ ದಕ್ಷಿಣದ ಜಿಲ್ಲೆಗಳನ್ನು ಹಣ್ಣುಗಾಯಿ ಮಾಡಿತು. ಬೆಳಗಾವಿ ಜಿಲ್ಲೆಯ ಪೂರ್ವದ ತಾಲೂಕುಗಳು ಹೆಚ್ಚು ನಲುಗಿದವು. ಖಾನಾಪುರದ ಮಳೆಸೀಮೆ ಅಷ್ಟರಮಟ್ಟಿಗೆ ಪಾರಾಯಿತು. ಮುಂಬಯಿ ಪ್ರಾಂತದ ಗ್ಯಾಸೆಟಿಯರ್ ಮಾಲೆಯಲ್ಲಿ ಬೆಳಗಾವಿಯ ಸಂಪುಟ 1884ರಲ್ಲಿ ಹೊರಬಂದಿತು. ಅದೇ ಮಾಲೆಯ ಸಸ್ಯಗಳ ಸಂಪುಟ 1886ರದು. ಅದರಲ್ಲಿ ಗೋವೆಯ ಮೂಲದ ವೈದ್ಯ ಜೆ. ಸಿ. ಲಿಸ್ಬೋವಾ ಪ್ರಾಂತದ ಉಪಯುಕ್ತ ಸಸ್ಯಗಳನ್ನು ವಿವರಿಸುತ್ತ, ಬರದಲ್ಲಿ ಜನ ತಿಂದು ಜೀವ ಹಿಡಿದ ಗಿಡಗಳನ್ನು ಬೇರೆಯಾಗಿಯೇ ಪಟ್ಟಿಮಾಡಿದ. ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಬರ ಬಂದಾಗ ಜನ ಇದ್ದಕ್ಕಿದ್ದಂತೆ ಸೊಪ್ಪುಗಳನ್ನು ಕಂಡುಹಿಡಿಯಲಿಲ್ಲ. ಪ್ರತಿವರ್ಷದ ಆಷಾಢದಲ್ಲಿ ಅಭ್ಯಾಸವಾಗಿದ್ದ ವಿದ್ಯೆಯೇ ಬರದಲ್ಲಿ ಜೀವ ಕಾಯಿತು. ಚಿಕ್ಕ ಹಸಿವು ಕಲಿಸಿದ ಪಾಠ ದೊಡ್ಡ ಹಸಿವಿನಲ್ಲಿ ಉಪಯೋಗಕ್ಕೆ ಬಂದಿತು.

ವೈದ್ಯರ ಬಳಿಗೆ ಹೋಗೋಣ. ಚರಕಸಂಹಿತೆಯ ಸೂತ್ರಸ್ಥಾನದ ಮೂರನೆಯ ಅಧ್ಯಾಯಕ್ಕೆ ಆರಗ್ವಧೀಯವೆಂದು ಹೆಸರು. ಆರಗ್ವಧವೆಂದರೆ ನಮ್ಮ ಕಕ್ಕೆ ಮರ. ಚರ್ಮರೋಗಗಳಿಗೆ ಹಚ್ಚುವ ಲೇಪಗಳನ್ನು ಹೇಳುವ ಆ ಅಧ್ಯಾಯದ ಮೊದಲ ಯೋಗದಲ್ಲಿಯೇ ಕಕ್ಕೆಯ ಪಕ್ಕದಲ್ಲಿ ಏಡಗಜ, ಅಂದರೆ ತಗಚೆ, ಬರುತ್ತದೆ. ಕಕ್ಕೆಯೂ ತಗಚೆಯೂ ಸಮೀಪ ಬಂಧುಗಳೆಂದು ಇಂದಿನ ಸಸ್ಯಶಾಸ್ತ್ರವೂ ಒಪ್ಪುತ್ತದೆ. 16ನೆಯ ಶತಮಾನದ ಭಾವಮಿಶ್ರನು ತನ್ನ 'ಭಾವಪ್ರಕಾಶ'ದಲ್ಲಿ ಇದನ್ನು ಮದ್ದಿನ ಗಿಡವಾಗಿಯೂ ಎಣಿಸಿದ, ಸೊಪ್ಪುಪಲ್ಯಗಳ ಸಾಲಿನಲ್ಲಿಯೂ ಸೇರಿಸಿದ. ವೈದ್ಯನ ಶಾಸ್ತ್ರವೂ ಗೃಹಿಣಿಯ ಅನುಭವವೂ ಒಂದೇ ಗ್ರಂಥದಲ್ಲಿ ಕೈಕುಲುಕಿದ್ದು ಹೀಗೆ.

ಹಳ್ಳಿಯ ವೈದ್ಯರು ಒಣಗಿದ ಬೀಜವನ್ನು ಹುಳಿಮಜ್ಜಿಗೆಯಲ್ಲಿ ಇಲ್ಲವೆ ನಿಂಬೆಯ ರಸದಲ್ಲಿ ತೇದು ಹುಳುಕಡ್ಡಿಗೆ ಹಚ್ಚುತ್ತಾರೆ. ಇದರ ಹಿಂದಿರುವ ಸತ್ವಗಳಲ್ಲಿ ಮುಖ್ಯವಾದುದು ಕ್ರೈಸೊಫೆನಾಲ್. ಈ ಸತ್ವದ ಸುತ್ತ ನಮ್ಮ ನೆರೆಯ ಗೋವೆಯ ಹೆಸರಿನದೇ ಒಂದು ಕುತೂಹಲದ ಕಥೆ ಇದೆ. 19ನೆಯ ಶತಮಾನದಲ್ಲಿ ಮುಂಬಯಿಯಲ್ಲಿ 'ಗೋವಾ ಪೌಡರ್' ಎಂಬ ಹಳದಿ ಪುಡಿ ಹುಳುಕಡ್ಡಿಯ ಮದ್ದೆಂದು ಮಾರಾಟವಾಗುತ್ತಿತ್ತು. ಅದು ಎಲ್ಲಿಂದ ಬರುವುದೆಂಬುದು ಬಹುಕಾಲ ಗುಟ್ಟಾಗಿತ್ತು. 1874ರಲ್ಲಿ ಬ್ರೆಜಿಲ್ಲಿನ ಬಹಿಯಾದ ವೈದ್ಯ ಸಿಲ್ವಾ ಲೀಮಾ ಆ ಗುಟ್ಟನ್ನು ಬಯಲುಮಾಡಿದ. ಅದು ಬ್ರೆಜಿಲ್ಲಿನ ಅರಾರೋಬಾ ಮರದ ಒಡಲಿನ ಪುಡಿ; ಪೋರ್ಚುಗೀಸರ ಮೂಲಕ ಗೋವೆಗೆ ಬಂದು ಗೋವೆಯ ಹೆಸರು ಹೊತ್ತಿತ್ತು. ಅದರ ಸತ್ವವನ್ನು ಪರೀಕ್ಷಿಸಿದಾಗ ಕಂಡದ್ದು ತಗಚೆಯ ಬೀಜದಲ್ಲಿರುವುದಕ್ಕೆ ಹತ್ತಿರದ ಸಂಬಂಧಿಯನ್ನು. ಮುಂದೆ ಆ ಪುಡಿಗೆ ಬದಲಿಯಾಗಿ ಜರ್ಮನರು 1916ರಲ್ಲಿ ಡಿಥ್ರನಾಲ್ ಎಂಬ ಮದ್ದನ್ನು ಬಳಕೆಗೆ ತಂದರು. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಇಂದಿಗೂ ವೈದ್ಯರು ಅದನ್ನು ಬಲ್ಲರು. ಏಳು ಸಮುದ್ರ ದಾಟಿ ಬಂದ ಪುಡಿಗೆ ಮುಂಬಯಿಯಲ್ಲಿ ಗಿರಾಕಿಗಳಿದ್ದರು. ಅದರ ಬಂಧು ಘಟ್ಟದ ಮೇಲಿನ ಪ್ರತಿಯೊಂದು ಬೇಲಿಯಲ್ಲಿ ಬಿಟ್ಟಿಯಾಗಿ ನಿಂತಿತ್ತು.

ಗಿಡದ ಮೂರನೆಯ ಒಕ್ಕಲು ಬಣ್ಣಗಾರ. ಶಹಾಪುರ, ವಡಗಾವಿ, ಖಾಸಬಾಗಗಳ ಮಗ್ಗದ ಸದ್ದನ್ನು ಕೇಳಿ ಬೆಳೆದ ಬೆಳಗಾವಿಗರಿಗೆ ಈ ಸಂಗತಿ ಹಿಡಿಸಬಹುದು. ನೀಲಿ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಕರಗದೆ ನೂಲಿಗೆ ಹತ್ತುವುದಿಲ್ಲ. ಅದನ್ನು ಸುಣ್ಣದ ತಿಳಿಯೊಂದಿಗೆ ಹಂಡೆಯಲ್ಲಿಟ್ಟು ಹುಳಿಯಿಸಬೇಕು. ಹುಳಿಯುವುದಕ್ಕೆ ಆಧಾರವಾಗಿ ದಕ್ಷಿಣ ಭಾರತದ ನೀಲಿಗಾರರು ಬೇಯಿಸಿದ ತಗಚೆಯ ಬೀಜವನ್ನು ಹಂಡೆಗೆ ಸೇರಿಸುತ್ತಿದ್ದರು. ಕಣ್ಣಿಗೆ ಕಾಣದ ಜೀವಾಣುಗಳಿಗೆ ಅದು ಆಹಾರ. ಅವು ನೀಲಿಯನ್ನು ಕರಗಿಸುತ್ತವೆ. ಹಳದಿಹಸಿರಾಗಿ ಮೇಲೆದ್ದ ನೂಲು ಗಾಳಿ ತಾಕಿದೊಡನೆ ನೀಲಿಯಾಗುತ್ತದೆ. 1897ರಲ್ಲಿ ಜರ್ಮನಿಯ ಕಾರಖಾನೆಯ ನೀಲಿ ಪೇಟೆಗೆ ಬಂದ ಮೇಲೆ ಈ ಹಂಡೆಗಳು ಒಂದೊಂದಾಗಿ ತಣ್ಣಗಾದವು. ಸಹಜವರ್ಣದ ಕೆಲವು ಕುಶಲಕರ್ಮಿಗಳು ಈಗಲೂ ಅದೇ ವಿಧಾನವನ್ನು ಉಳಿಸಿಕೊಂಡಿದ್ದಾರೆ. ಒಂದು ಬಟ್ಟೆಯ ನೀಲಿಯಲ್ಲಿ ಬೇಲಿಯ ಕಸದ ಪಾಲೂ ಇತ್ತೆಂಬುದು ಉಟ್ಟವರಿಗೆ ತಿಳಿದಿರಲಾರದು.

ಇಲ್ಲಿಯವರೆಗೆ ಹೇಳಿದ್ದು ಗುಣಗಾನ. ಆದರೆ ಈ ಕಥೆಗೆ ಕತ್ತಲೆಯ ಒಂದು ಮಗ್ಗುಲಿದೆ. ತಗಚೆಗೆ ತದ್ರೂಪಿಯಂಥ ಒಂದು ಅಕ್ಕ ಇದ್ದಾಳೆ. ಕನ್ನಡದಲ್ಲಿ ಅದನ್ನು ದೊಡ್ಡ ತಗಚೆ ಎನ್ನುತ್ತಾರೆ. ಶಾಸ್ತ್ರಜ್ಞರು ಸೆನ್ನಾ ಆಕ್ಸಿಡೆಂಟಾಲಿಸ್ ಎನ್ನುತ್ತಾರೆ. ಅದೇ ಬೇಲಿ, ಅದೇ ಮಳೆ, ಅದೇ ಹಳದಿ ಹೂ. ಆದರೆ ಅದರ ಕಾಯಿ ಮತ್ತು ಬೀಜ ಮಕ್ಕಳಿಗೆ ವಿಷ. ಪಶ್ಚಿಮ ಉತ್ತರಪ್ರದೇಶದ ಹಳ್ಳಿಗಳಲ್ಲಿ ವರ್ಷವರ್ಷವೂ ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕ ಮಕ್ಕಳು ಜ್ಞಾನತಪ್ಪಿ ಸಾಯುತ್ತಿದ್ದರು. ಮಿದುಳುಜ್ವರವೆಂದೇ ಎಲ್ಲರೂ ತಿಳಿದಿದ್ದರು. ಬಿಜನೋರಿನ ಮಕ್ಕಳ ವೈದ್ಯ ವಿಪಿನ್ ವಶಿಷ್ಠ, ವೆಲ್ಲೂರಿನ ಟಿ. ಜೇಕಬ್ ಜಾನ್ ಮೊದಲಾದವರು ಶೋಧಿಸಿ, ಮಕ್ಕಳು ಆಟವಾಡುತ್ತ ತಿಂದ ಈ ಗಿಡದ ಬೀಜವೇ ಕಾರಣವೆಂದು 2007ರಲ್ಲಿ ಪ್ರಕಟಿಸಿದರು. ಯಕೃತ್ತು, ಸ್ನಾಯು, ಮಿದುಳು ಮೂರಕ್ಕೂ ಏಕಕಾಲದಲ್ಲಿ ಪೆಟ್ಟು ಬೀಳುತ್ತಿತ್ತು. 2016ರಲ್ಲಿ ಒಡಿಶಾದ ಮಲ್ಕಾನಗಿರಿಯಲ್ಲಿ ಅನೇಕ ಆದಿವಾಸಿ ಮಕ್ಕಳು ಹೀಗೆಯೇ ತೀರಿಕೊಂಡಾಗಲೂ ತಜ್ಞರ ಬೆರಳು ಇದೇ ಗಿಡದ ಕಡೆ ತಿರುಗಿತು. ಒಡಿಯಾದಲ್ಲಿ ನಮ್ಮ ತಗಚೆ ಚಕುಂಡಾ, ಆ ಗಿಡ ಬಡಾ ಚಕುಂಡಾ. ಅಲ್ಲಿಯೂ ಹೆಸರಿಗೆ ಹೆಸರು ಅಂಟಿಕೊಂಡಿದೆ, ಇಲ್ಲಿಯೂ ಅಂಟಿಕೊಂಡಿದೆ. ಒಂದು ವಿಶೇಷಣ ಮರೆತರೆ ಒಂದು ಜೀವ ಹೋದೀತು.

ಈ ಭೇದವನ್ನು ನಾನು ಪುಸ್ತಕದಿಂದ ಕಲಿತೆ. ಅದಕ್ಕಿಂತ ಸ್ಪಷ್ಟವಾಗಿ ಹೇಳಿದವಳು ಖಾನಾಪುರ ತಾಲೂಕಿನ ಬೀಡಿಯ ಕಡೆಯ ಒಬ್ಬ ಮುದುಕಿ. ಹೊಲದ ಬದುವಿನಲ್ಲಿ ಸೊಪ್ಪು ಚಿವುಟುತ್ತಿದ್ದವಳನ್ನು, "ಅವ್ವಾ, ಎರಡೂ ಒಂದೇ ನಮೂನಿ ಕಾಣಸ್ತಾವಲ್ಲ, ಹ್ಯಾಂಗ ಗುರುತಾ ಹಿಡೀತೀರಿ?" ಎಂದು ಕೇಳಿದೆ. ಅವಳು ತಲೆ ಎತ್ತದೆಯೇ ಹೇಳಿದಳು: "ಎಣಸ್ರಿ ಮಾಸ್ತರ. ಮೂರ ಜೋಡಿ ಎಲಿ ಇದ್ರ ನಮ್ಮದು. ನಾಕ ಐದ ಜೋಡಿ ಇದ್ದು ತುದಿ ಚೂಪ ಇದ್ರ ಅದನ್ನ ಮುಟ್ಟಬ್ಯಾಡ್ರಿ." ಸಸ್ಯಶಾಸ್ತ್ರದ ಪುಸ್ತಕ ಇದೇ ಲಕ್ಷಣಗಳನ್ನು ಅರ್ಧ ಪುಟದಲ್ಲಿ ಹೇಳುತ್ತದೆ. ಅಕ್ಷರ ಕಲಿಯದ ಆಕೆ ಎರಡು ವಾಕ್ಯಗಳಲ್ಲಿ ಮುಗಿಸಿದಳು. ಅವಳ ಮೊಮ್ಮಗಳಿಗೆ ಇದು ಗೊತ್ತೇ ಎಂದು ಕೇಳಿದೆ. "ಅಕೀ ಬೆಳಗಾವ್ಯಾಗ ಸಾಲೀ ಕಲೀತಾಳ್ರಿ, ಅಕೀಗೆ ಇದನ್ನ ಯಾರ ಹೇಳ್ತಾರ?" ಎಂದಳು. ನಲವತ್ತು ವರ್ಷಗಳ ಸಮೀಪ ಪಾಠ ಹೇಳಿದ ನನ್ನಂಥವನಿಗೆ ಈ ಪ್ರಶ್ನೆ ನಾಟಿತು. ಸಾಲೆ ಕಲಿಸದಿರುವುದು ಒಂದು ಮಾತು. ಸಾಲೆಗೆ ಹೋದ ಕಾರಣವಾಗಿಯೇ ಮನೆಯ ಪಾಠ ತಪ್ಪುವುದು ಇನ್ನೊಂದು ಮಾತು. ಹುಡುಗಿ ಸಾಲೆಗೆ ಹೋಗುವುದು ಸರಿಯಾದುದೇ. ಅದಕ್ಕೆ ಎರಡು ಮಾತಿಲ್ಲ. ಆದರೆ ಬದುವಿನ ಮೇಲಿನ ಈ ಎಣಿಕೆ ಸಾಲೆಯ ಗಣಿತದಲ್ಲಿ ಸೇರಲಿಲ್ಲವಲ್ಲ!

ಇಂದಿನ ಸ್ಥಿತಿ ವಿಚಿತ್ರವಾಗಿದೆ. ಒಂದು ಕಡೆ ಪೇಟೆ ಈ ಗಿಡವನ್ನು ಗುರುತಿಸಿದೆ. ಬೀಜದಿಂದ ತೆಗೆದ ಅಂಟು, ನಾಯಿ ಬೆಕ್ಕುಗಳ ಡಬ್ಬಿಯ ಆಹಾರವನ್ನು ಗಟ್ಟಿಮಾಡಲು ಯುರೋಪಿನಲ್ಲಿ ಬಳಕೆಯಲ್ಲಿದೆ. ಶುದ್ಧಗೊ‍ಳಿಸಿದ ಅಂಟಿಗೆ ಮನುಷ್ಯರ ಆಹಾರದಲ್ಲಿಯೂ ಅಲ್ಲಿ ಅನುಮತಿ ದೊರೆತಿದೆ. ಇದರ ತೀರ ಸಮೀಪದ ಬಂಧುವಿನ ಬೀಜವನ್ನು ಚೀನ, ಜಪಾನ, ಕೊರಿಯಗಳಲ್ಲಿ ಹುರಿದು ಚಹದಂತೆ ಕುಡಿಯುತ್ತಾರೆ. ಚೀನೀ ವೈದ್ಯದಲ್ಲಿ ಅದರ ಹೆಸರಿಗೆ ಕಣ್ಣನ್ನು ತಿಳಿಗೊಳಿಸುವುದೆಂಬ ಅರ್ಥವಿದೆ. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವನ್ನೆಲ್ಲ ಮುತ್ತಿದ ಕಾಂಗ್ರೆಸ್ ಹುಲ್ಲನ್ನು ಅದುಮಲು ಮಳೆಗಾಲಕ್ಕೆ ಮುಂಚೆ ತಗಚೆಯ ಬೀಜ ಚೆಲ್ಲಿರೆಂದು ಕಳೆವಿಜ್ಞಾನಿಗಳು ಸಲಹೆ ಕೊಡುತ್ತಾರೆ. ಕಳೆಯಿಂದಲೇ ಕಳೆಯನ್ನು ಕಳೆಯುವ ಉಪಾಯ! ಬೆಳಗಾವಿಯಲ್ಲಿಯೇ 2006ರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಂಸ್ಥೆಯೊಂದಿದೆ. ಈಗ ಅದು ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಸ್ಥೆ. ಶಹಾಪುರದಲ್ಲಿ ಹಳೆಯದೊಂದು ಆಯುರ್ವೇದ ಮಹಾವಿದ್ಯಾಲಯವಿದೆ. ವಿದ್ಯೆಗೆ ಆಶ್ರಯವಿಲ್ಲವೆಂದು ನಾವು ಹೇಳುವಂತಿಲ್ಲ.

ಇನ್ನೊಂದು ಕಡೆ, ಗಿಡವನ್ನು ಬಲ್ಲ ಕಣ್ಣು ಮುಚ್ಚುತ್ತಿದೆ. ಮಳೆಗಾಲದ ಮೊದಲ ವಾರಗಳಲ್ಲಿ ಗಣಪತ ಗಲ್ಲಿಯ ಬದಿಯಲ್ಲಿ, ಖಡೇಬಜಾರಿನ ತಿರುವಿನಲ್ಲಿ ಹಳ್ಳಿಯ ಹೆಂಗಸರು ಕಳಲೆ, ಅಣಬೆಗಳೊಡನೆ ಈ ಸೊಪ್ಪಿನ ಸಿವುಡುಗಳನ್ನೂ ಇಟ್ಟು ಕೂತಿರುವುದನ್ನು ನಾನು ನೋಡಿದ್ದೇನೆ. ಕೊಳ್ಳುವವರಲ್ಲಿ ತಲೆ ನರೆತವರೇ ಹೆಚ್ಚು. ಎಳೆಯರು ನಿಂತು ನೋಡಿ, ಪಾಲಕವಿದ್ದರೆ ಕೇಳಿ, ಮುಂದೆ ಹೋಗುತ್ತಾರೆ. ಹೊಲಗಳಲ್ಲಿ ಕುಡಗೋಲಿನ ಬದಲು ಕಳೆನಾಶಕದ ಡಬ್ಬಿ ಬಂದಿದೆ. ಮದ್ದು ಹೊಡೆದ ಬದುವಿನ ಸೊಪ್ಪನ್ನು ತಿನ್ನುವಂತಿಲ್ಲ. ತಿನ್ನಬಾರದೆಂದು ಬಲ್ಲವರು ಕೀಳುವುದನ್ನೇ ಬಿಡುತ್ತಾರೆ. ಕೀಳದವರ ಮಕ್ಕಳು ಹೆಸರನ್ನೇ ಮರೆಯುತ್ತಾರೆ. ಗಿಡ ಅಳಿಯುವುದಿಲ್ಲ, ಅದು ಗಟ್ಟಿ ಜೀವ. ಅಳಿಯುವುದು ಅದರ ಅರ್ಥ.

ಇದಕ್ಕೆ ಪ್ರತಿಯಾಗಿ ಕಾಡುಸೊಪ್ಪೆಲ್ಲ ಅಮೃತವೆಂದು ಸಾರುವ ಒಂದು ಹೊಸ ಉತ್ಸಾಹವೂ ನಗರಗಳಲ್ಲಿ ಹುಟ್ಟಿದೆ. ಅದಕ್ಕೆ ನಾನು ಅಂಜುತ್ತೇನೆ. ತಗಚೆ ಸರ್ವರೋಗಕ್ಕೂ ಮದ್ದೆಂದು ಚರಕನೂ ಹೇಳಲಿಲ್ಲ, ಬೀಡಿಯ ಮುದುಕಿಯೂ ಹೇಳಲಿಲ್ಲ. ಇಂಥ ತಿಂಗಳು, ಇಂಥ ಎಲೆ, ಇಷ್ಟು ಬೇಯಿಸು, ಈ ನೀರು ಚೆಲ್ಲು, ಆ ಗಿಡ ಮುಟ್ಟಬೇಡ: ಇದು ಅವರ ವಿದ್ಯೆ. ಅದರ ಬೆಲೆ ಇರುವುದು ಅದರ ಮಿತಿಗಳಲ್ಲಿ. ಮಿತಿಗಳನ್ನು ಬಿಟ್ಟು ಸೊಪ್ಪನ್ನಷ್ಟೇ ಎತ್ತಿಕೊಂಡವನು ವಿಷವನ್ನೂ ಎತ್ತಿಕೊಳ್ಳಬಹುದು.

ನಮ್ಮ ಭಾಷೆಯಲ್ಲಿ ಕಳೆ ಎಂಬ ಮಾತಿಗೆ ಬೇಡದ ಗಿಡವೆಂಬ ಅರ್ಥವಿದೆ. ಮುಖದ ಕಾಂತಿಯೆಂಬ ಅರ್ಥವೂ ಇದೆ. ವ್ಯಾಕರಣದಲ್ಲಿ ಇವೆರಡರ ಮೂಲ ಬೇರೆಬೇರೆ. ಅವನ್ನು ಒಂದೆಂದು ಹೇಳಿ ನಾನು ನಿಮ್ಮನ್ನು ರಂಜಿಸಲಾರೆ. ಆದರೆ ಯಾವುದು ಬೆಳೆ, ಯಾವುದು ಕಳೆ ಎಂಬ ತೀರ್ಪನ್ನು ಇದುವರೆಗೆ ಕೊಟ್ಟವರು ಯಾರೆಂಬುದನ್ನು ಇತಿಹಾಸದ ವಿದ್ಯಾರ್ಥಿ ಕೇಳಲೇಬೇಕು. ಕಂದಾಯದ ಪುಸ್ತಕ ಒಂದು ತೀರ್ಪು ಕೊಟ್ಟಿತು. ಪಾಕಶಾಸ್ತ್ರ ಮೌನವಾಗಿ ಅದನ್ನೇ ಎತ್ತಿಹಿಡಿಯಿತು. ಆಷಾಢದ ಒಲೆ ಬೇರೆಯ ತೀರ್ಪು ಕೊಟ್ಟಿತು. ಅದನ್ನು ಬರೆದುಕೊಳ್ಳಲು ಅಲ್ಲಿ ಲಿಪಿಕಾರನಿರಲಿಲ್ಲ.

ಲಿಪಿಕಾರರಾಗುವ ಅವಕಾಶ ನಮಗೆ ಇನ್ನೂ ಇದೆ. ಬರುವ ಮಳೆಗಾಲದಲ್ಲಿ ಖಾನಾಪುರದ, ಬೆಳಗಾವಿಯ ಶಾಲೆಗಳ ಮಾಸ್ತರರು ಒಂದು ದಿನ ಮಕ್ಕಳನ್ನು ಊರ ಹೊರಗೆ ಕರೆದೊಯ್ಯಲಿ. ಸೊಪ್ಪು ಬಲ್ಲ ಒಬ್ಬ ಅಜ್ಜಿಯನ್ನು ಜೊತೆಗೆ ಕರೆಯಲಿ. ಕನ್ನಡ, ಮರಾಠಿ, ಕೊಂಕಣಿ ಮೂರರಲ್ಲಿಯೂ ಗಿಡದ ಹೆಸರನ್ನು ಮಕ್ಕಳು ಬರೆದುಕೊಳ್ಳಲಿ. ತಿನ್ನುವುದರ ಪಕ್ಕದಲ್ಲಿಯೇ ತಿನ್ನಬಾರದ್ದನ್ನೂ ಬರೆಯಲಿ, ಎಲೆಯನ್ನು ಒಣಗಿಸಿ ಹಾಳೆಗೆ ಅಂಟಿಸಲಿ. ಮೂರು ಜೊತೆ ಎಲೆ, ದುಂಡು ತುದಿ. ನಾಲ್ಕು ಐದು ಜೊತೆ, ಚೂಪು ತುದಿ. ಇದಕ್ಕೆ ಅನುದಾನ ಬೇಕಾಗಿಲ್ಲ, ಒಂದು ನೋಟುಪುಸ್ತಕ ಸಾಕು. ತಾಮ್ರಪಟದಲ್ಲಿ ಬಾರದ ಹೊಲದ ಬದು ಹಾಗಾದರೂ ಒಂದು ಬರಹದಲ್ಲಿ ಬಂದೀತು.